ಪರದೇಶದ ಯೂನಿವರ್ಸಿಟಿಯಲ್ಲಿ ಮೇಷ್ಟ್ರನ್ನು ಏನೆಂದು ಕರೆಯಬೇಕು?

ಮೊದಲ ಇಮೇಲ್‌ಗೆ ಒಂದೇ ಸೂತ್ರ: 'ಡಿಯರ್', ಆಮೇಲೆ ಟೈಟಲ್, ಆಮೇಲೆ ಸರ್‌ನೇಮ್, ಕೊನೆಗೊಂದು ಕಾಮಾ. ಸಾರಾ ವಿಲ್ಸನ್ ಎಂಬ ಅಧ್ಯಾಪಕಿ ಇದ್ದಾರೆ ಅಂದುಕೊಳ್ಳಿ. 'ಡಿಯರ್ ಡಾಕ್ಟರ್ ವಿಲ್ಸನ್,' ಸರಿ. 'ಡಿಯರ್ ಡಾಕ್ಟರ್ ಸಾರಾ,' ಸರಿಯಲ್ಲ. 'ಸವಿತಾ ಮೇಡಂ', 'ಮಂಜುನಾಥ್ ಸರ್' ಎಂದು ಕರೆದು ಬೆಳೆದವರ ಬೆರಳು ತಾನಾಗಿಯೇ ಟೈಟಲನ್ನು ಹೆಸರಿಗೆ ಅಂಟಿಸುತ್ತದೆ. ಅಲ್ಲಿ ಡಾಕ್ಟರ್, ಪ್ರೊಫೆಸರ್, ಮಿಸ್ಟರ್, ಮಿಜ್ (Ms) ಇವೆಲ್ಲ ಸರ್‌ನೇಮ್ ಜೊತೆಗೇ ಹೋಗಬೇಕು. ಹೆಸರು ಹಿಡಿದು ಕರೆಯುವುದಾದರೆ ಬರೀ ಹೆಸರು, ಹಿಂದೆ ಮುಂದೆ ಏನೂ ಬೇಡ.

ಯಾವ ಟೈಟಲ್ ಎಂಬುದು ದೇಶದ ಮೇಲೆ ನಿಂತಿದೆ. ಬರೆಯುವ ಮುಂಚೆ ವಿಭಾಗದ ವೆಬ್‌ಸೈಟಿನಲ್ಲಿ ಅವರ ಪುಟ ತೆರೆದು ನೋಡಿ. ಬ್ರಿಟನ್ನಿನಲ್ಲಿ ಲೆಕ್ಚರರ್, ಸೀನಿಯರ್ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಏಣಿ ಬಹಳ ಕಡೆ ಇನ್ನೂ ಇದೆ. ಪ್ರೊಫೆಸರ್ ಅಂದರೆ ಅದರ ತುದಿ ಮೆಟ್ಟಿಲು. ಪಿಎಚ್.ಡಿ. ಆದ ಉಳಿದವರೆಲ್ಲ ಡಾಕ್ಟರ್. ಅಮೆರಿಕದಲ್ಲಿ ಅಸಿಸ್ಟೆಂಟ್, ಅಸೋಸಿಯೇಟ್, ಫುಲ್ ಮೂವರೂ ಪ್ರೊಫೆಸರೇ. ಕೋರ್ಸ್ ನಡೆಸುವವರನ್ನು 'ಪ್ರೊಫೆಸರ್ ವಿಲ್ಸನ್' ಎಂದರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಲ್ಯಾಬ್ ನೋಡಿಕೊಳ್ಳುವ, ಉತ್ತರ ತಿದ್ದುವ ಟೀಚಿಂಗ್ ಅಸಿಸ್ಟೆಂಟ್‌ಗಳು ಮಾತ್ರ ಬಹುಪಾಲು ನಿಮ್ಮಂಥ ವಿದ್ಯಾರ್ಥಿಗಳೇ, ಅವರಿಗೆ ಹೆಸರು ಸಾಕು. ಅನುಮಾನ ಬಂದರೆ ಒಂದು ಮೆಟ್ಟಿಲು ಮೇಲಕ್ಕೇ ಬರೆಯಿರಿ. ಡಾಕ್ಟರನ್ನು ಪ್ರೊಫೆಸರ್ ಎಂದರೆ ನಕ್ಕು ತಿದ್ದುತ್ತಾರೆ, ಪಿಎಚ್.ಡಿ. ಆದ ಮಹಿಳೆಗೆ 'ಮಿಸೆಸ್' ಎಂದು ಬರೆದರೆ ಓದಿದ ಓದೂ ಹೋಯಿತು, ಮದುವೆ ವಿಚಾರಕ್ಕೂ ಕೈಹಾಕಿದಂತಾಯಿತು. ಟೈಟಲ್ ಇಲ್ಲದ ಮಹಿಳೆಗೆ 'ಮಿಜ್' ಬಳಸಿ. ಹೆಸರು ನೋಡಿ ಗಂಡೋ ಹೆಣ್ಣೋ ತಿಳಿಯದಿದ್ದರೆ ಡಾಕ್ಟರ್, ಪ್ರೊಫೆಸರ್ ಎಂಬುವು ನಿಮ್ಮನ್ನು ಕಾಪಾಡುತ್ತವೆ. 'ಡಿಯರ್ ಸರ್' ಕಾಪಾಡುವುದಿಲ್ಲ.

ಮುಖ್ಯವಾದ ಕೆಲಸ ಉತ್ತರ ಬಂದ ಮೇಲೆ. ಅವರ ಇಮೇಲಿನ ಕೊನೆಗೆ ಸಹಿ ಹೇಗಿದೆ ನೋಡಿ. ಕೆಳಗೆ ತಾನಾಗಿ ಬೀಳುವ ಹುದ್ದೆ, ವಿಳಾಸದ ಕಟ್ಟನ್ನು ಬಿಟ್ಟುಬಿಡಿ. ಅದರ ಮೇಲೆ ಕೈಯಾರೆ ಟೈಪ್ ಮಾಡಿದ ಒಂದು ಪದವೇ ಸುಳಿವು. 'ಸಾರಾ' ಎಂದಿದ್ದರೆ ಮುಂದಿನ ಸಲ 'ಡಿಯರ್ ಸಾರಾ' ಅಥವಾ 'ಹಾಯ್ ಸಾರಾ' ಎಂದು ಬರೆಯಬಹುದು. ಪೂರ್ತಿ ಹೆಸರೋ ಬರೀ ಇನಿಶಿಯಲ್ಲುಗಳೋ ಇದ್ದರೆ ಟೈಟಲನ್ನೇ ಮುಂದುವರಿಸಿ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಬಹಳ ಮಂದಿ ಮೊದಲ ಉತ್ತರಕ್ಕೇ ಹೆಸರಿಗೆ ಇಳಿಯುತ್ತಾರೆ. ಪಿಎಚ್.ಡಿ. ಗೈಡನ್ನಂತೂ ಅಲ್ಲಿ ಹೆಸರು ಹಿಡಿದೇ ಕರೆಯುವುದು ರೂಢಿ (ಅಲ್ಲಿ ಅವರು ಸೂಪರ್‌ವೈಸರ್, ಅಮೆರಿಕದಲ್ಲಿ ಅಡ್ವೈಸರ್). ಅಮೆರಿಕದಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ; ಅವರಾಗಿ ಹೇಳುವ ತನಕ ಕಾಯುವುದು ಒಳ್ಳೆಯದು.

'ಕಾಲ್ ಮಿ ಸಾರಾ' ಎಂದು ಹೇಳಿದ ಮೇಲೂ ಬಾಯಿ ಬರುವುದಿಲ್ಲ ಎಂದು ನಮ್ಮ ಹುಡುಗರು ಏನೂ ಕರೆಯದೆ ಇದ್ದುಬಿಡುತ್ತಾರೆ. ಮುಂದೆ ನಿಂತು ಕೆಮ್ಮುವುದು, 'ಎಕ್ಸ್‌ಕ್ಯೂಸ್ ಮಿ' ಎಂದು ಶುರುಮಾಡುವುದು. ಇದು 'ಸರ್' ಎನ್ನುವುದಕ್ಕಿಂತ ಕೆಟ್ಟದ್ದು. ಅಷ್ಟು ಕಷ್ಟವಾದರೆ 'ಡಾಕ್ಟರ್ ವಿಲ್ಸನ್' ಎಂದೇ ಕರೆಯಿರಿ, ಯಾರೂ ಬೇಸರಪಡುವುದಿಲ್ಲ. 'ಸರ್', 'ಮಿಸ್' ಬ್ರಿಟನ್ನಿನಲ್ಲಿ ಶಾಲೆ ಮಕ್ಕಳ ಮಾತು. ಇಪ್ಪತ್ತೆರಡು ವರ್ಷದವರು ಹಾಗೆ ಕರೆದರೆ ಕ್ಲಾಸಿನಲ್ಲಿ ವಿಚಿತ್ರವಾಗಿ ಕೇಳಿಸುತ್ತದೆ. ಮೇಷ್ಟ್ರು ಒಳಗೆ ಬಂದಾಗ ಎದ್ದು ನಿಲ್ಲುವುದೂ ಬೇಡ.

ಇಮೇಲಿನ ಒಡಲು ಚಿಕ್ಕದಿರಲಿ. ಸಬ್ಜೆಕ್ಟ್ ಸಾಲಿನಲ್ಲಿ ಕೋರ್ಸಿನ ಕೋಡ್ ಮತ್ತು ವಿಷಯ, ಮೊದಲ ವಾಕ್ಯದಲ್ಲಿ ನೀವು ಯಾವ ಕ್ಲಾಸಿನವರು, ಎರಡನೆಯದರಲ್ಲಿ ಏನು ಬೇಕು. 'ಐ ಹ್ಯಾವ್ ಎ ಡೌಟ್' ಬದಲು 'ಕ್ವೆಶ್ಚನ್' ಎನ್ನಿ; ಇಲ್ಲದಿದ್ದರೆ ಅವರ ಪಾಠವನ್ನೇ ನೀವು ನಂಬುತ್ತಿಲ್ಲ ಎಂದಾಗಬಹುದು. 'ಕೈಂಡ್ಲಿ ಡು ದ ನೀಡ್‌ಫುಲ್' ಬಿಡಿ, ಏನು ಮಾಡಬೇಕು ಎಂಬುದನ್ನೇ ಹೇಳಿ. ಕೊನೆಗೆ 'ಕೈಂಡ್ ರಿಗಾರ್ಡ್ಸ್', ನಿಮ್ಮ ಹೆಸರು, ಸ್ಟೂಡೆಂಟ್ ನಂಬರ್. 'ಯುವರ್ಸ್ ಒಬೀಡಿಯೆಂಟ್ಲಿ' ರಜಾ ಅರ್ಜಿಯ ಜೊತೆ ಊರಲ್ಲೇ ಉಳಿಯಲಿ.

ಇನ್ನು ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ? ತೊಂದರೆ ಹೆಚ್ಚು ಇರುವುದೇ ಇಲ್ಲಿ. ಕರ್ನಾಟಕದಲ್ಲಿ ಬಹಳ ಜನಕ್ಕೆ ಇರುವುದು ಸರ್‌ನೇಮ್ ಅಲ್ಲ, ಊರಿನದೋ ತಂದೆಯದೋ ಇನಿಶಿಯಲ್. ಪಾಸ್‌ಪೋರ್ಟಿಗಾಗಿ ಅದನ್ನು ಬಿಡಿಸಿ ಸರ್‌ನೇಮ್ ಜಾಗದಲ್ಲಿ ತುಂಬಿದರೆ, 'ಕೆ. ಎಸ್. ಮಂಜುನಾಥ' ಅಲ್ಲಿ 'ಮಿಸ್ಟರ್ ಕೊಳ್ಳೇಗಾಲ ಸಿದ್ದಪ್ಪ' ಆಗುತ್ತಾನೆ. ಊರೂ ಅಪ್ಪನೂ ಸೇರಿ ಹಾಜರಿ ಹೇಳಬೇಕು. ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಕೂರುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಅದೇ ಕಾಲೇಜಿನ ಪಟ್ಟಿಗೂ ಇಳಿದರೆ ಮೇಷ್ಟ್ರು 'ಫ್ನು' ಎಂದು ಕೂಗುತ್ತಾರೆ. ಕ್ಲಾಸು ಶುರುವಾಗುವ ಮುಂಚೆ ವಿದ್ಯಾರ್ಥಿ ಪೋರ್ಟಲ್‌ನಲ್ಲಿ 'ಪ್ರಿಫರ್ಡ್ ನೇಮ್' ಎಂಬ ಜಾಗ ಇದೆಯೇ ನೋಡಿ, ಕರೆಯಬೇಕಾದ ಹೆಸರು ತುಂಬಿ. ಸಿಗದಿದ್ದರೆ ರಿಜಿಸ್ಟ್ರಾರ್ ಕಚೇರಿಗೆ ಬರೆಯಿರಿ. ಜ಼ೂಮ್, ಟೀಮ್ಸ್‌ನಲ್ಲೂ ಬದಲಿಸಿ. ಅಧಿಕೃತ ದಾಖಲೆ, ಅಂಕಪಟ್ಟಿಗಳಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ. ಮೊದಲ ಕ್ಲಾಸಿನಲ್ಲೇ 'ಪ್ಲೀಸ್ ಕಾಲ್ ಮಿ ಮಂಜು' ಎಂದು ಹೇಳಿಬಿಡಿ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ತಿದ್ದಲು ಇಬ್ಬರಿಗೂ ಮುಜುಗರ.

ಎದುರಿಗೆ ಸಾರಾ ಎಂದು ಕರೆದರೂ ಅರ್ಜಿ, ಥೀಸಿಸ್, ಮೂರನೆಯವರಿಗೆ ಬರೆವ ಪತ್ರಗಳಲ್ಲಿ 'ಡಾಕ್ಟರ್ ವಿಲ್ಸನ್' ಎಂದೇ ಬರೆಯಬೇಕು. ಹಾಗೆಯೇ ಶಿಫಾರಸು ಪತ್ರ ಕೇಳಲು ಮೈಸೂರಿನ ಹಳೆಯ ಮೇಷ್ಟ್ರಿಗೆ ಬರೆಯುವಾಗ 'ಹಾಯ್ ಮಂಜುನಾಥ್' ಬೇಡ. ಅಲ್ಲಿಗೆ 'ಡಿಯರ್ ಸರ್' ಸರಿಯಾದ ಮಾತು.