ಲಗ್ನದ ತಾರೀಖಿಗಿಂತ ಮೊದಲು ಅವರ ವೀಸಾ ಕೇಳ್ರಿ: ಇಂಗ್ಲೆಂಡಿಗೆ ಬರುವ ನಮ್ಮ ಕಡೆಯವರಿಗೆ

ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಧಾರವಾಡಕ್ಕೆ ಬಂದಾಗ, ಮಾಳಮಡ್ಡಿಯ ಅವ್ವನ ಮನೆ ಕಟ್ಟೆಯ ಮೇಲೆ ಯಾರದಾದರೂ ಒಂದು ಫೈಲು ಬಿಚ್ಚಿಕೊಳ್ಳುವುದು ಈಗ ರೂಢಿಯೇ ಆಗಿದೆ. ಹೋದ ಸಲ ಅಣ್ಣಿಗೇರಿಯಿಂದ ತಾಯಿ-ಮಗಳು ಬಂದಿದ್ದರು. ನಿಶ್ಚಯ ಆಗಿತ್ತು, ಹುಬ್ಬಳ್ಳಿಯಲ್ಲಿ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು, ಲಗ್ನಪತ್ರಿಕೆಯ ಪ್ರೂಫು ಫೈಲಿನಲ್ಲೇ ಇತ್ತು. "ಹುಡುಗ ಅಲ್ಲಿ ಯಾವ ವೀಸಾದ ಮೇಲೆ ಅದಾನ್ರಿ?" ಎಂದು ಕೇಳಿದೆ. ತಾಯಿ ಮಗಳ ಮುಖ ನೋಡಿದರು, ಮಗಳು ಫೋನು ತೆಗೆದು ಅವನಿಗೆ ಮೆಸೇಜು ಹಾಕಿದಳು. ಮನೆತನ, ಹೊಲ, ಪಗಾರ ಎಲ್ಲ ವಿಚಾರಿಸಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ.

ನೋಡ್ರಿ, ಲಗ್ನವಾಗಿ ಇಂಗ್ಲೆಂಡಿಗೆ ಹೊರಟವರು ಕೇಳುವ "ಯಾವ ವೀಸಾ ಹಾಕಲಿ?" ಎಂಬ ಪ್ರಶ್ನೆಗೆ ಅರ್ಧ ಉತ್ತರ ಇರುವುದು ಅಲ್ಲಿರುವ ಸಂಗಾತಿಯ ಕೈಯಲ್ಲಿರುವ ಕಾಗದದಲ್ಲಿ. ಅವರು ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಅವರಿಗೆ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿ ಸಿಕ್ಕಿದ್ದರೆ, ಲಗ್ನವಾಗಿ ಹೋಗುವ ನಿಮಗೆ ಸ್ಪೌಸ್ ವೀಸಾ, ಅಲ್ಲಿಗೆ ಹೋಗಿ ಲಗ್ನವಾಗುವುದಾದರೆ ಫಿಯಾನ್ಸೆ ವೀಸಾ. ಲಗ್ನವಾಗದೆ ಜೋಡಿಯಾಗಿರುವವರಿಗೂ ದಾರಿ ಉಂಟು, ಆದರೆ ಕನಿಷ್ಠ ಎರಡು ವರ್ಷದ ಗಟ್ಟಿ ಸಂಬಂಧಕ್ಕೆ ಪುರಾವೆ ಬೇಕು. ಅವರು ಸ್ಕಿಲ್ಡ್ ವರ್ಕರ್, ಅಂದರೆ ನೌಕರಿಯ ವೀಸಾದ ಮೇಲಿದ್ದರೆ ನಿಮ್ಮದು ಅವರನ್ನು ಅವಲಂಬಿಸಿದ ಡಿಪೆಂಡೆಂಟ್ ವೀಸಾ. ಅವರು ಮಾಸ್ಟರ್ಸ್ ಓದಲು ಬಂದವರಾಗಿದ್ದರೆ ದಾರಿಯೇ ಮುಚ್ಚಿದೆ: 2024ರ ಜನವರಿಯಿಂದ ಶುರುವಾದ ಕೋರ್ಸುಗಳಿಗೆ ಪಿಎಚ್‌ಡಿಯಂಥ ಸಂಶೋಧನೆ ಮಾಡುವವರು, ಸರ್ಕಾರಿ ವಿದ್ಯಾರ್ಥಿವೇತನದ ಮೇಲಿರುವವರು ಬಿಟ್ಟರೆ ಉಳಿದ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆಸಿಕೊಳ್ಳುವಂತಿಲ್ಲ. 2024ರ ಮಾರ್ಚ್ 11ರ ನಂತರ ವೃದ್ಧರ, ರೋಗಿಗಳ ಆರೈಕೆ ಮಾಡುವ ಕೇರ್ ವರ್ಕರ್ ಆಗಿ ಬಂದವರಿಗೂ ಇಲ್ಲ. 2025ರ ಜುಲೈ 22ರ ನಂತರ ಪದವಿ ಮಟ್ಟಕ್ಕಿಂತ ಕೆಳಗಿನ ಹುದ್ದೆಗೆ ಹೊಸದಾಗಿ ಸ್ಕಿಲ್ಡ್ ವರ್ಕರ್ ವೀಸಾ ಪಡೆದವರಿಗೂ ಇಲ್ಲ. "ಅಲ್ಲಿ ನೌಕರಿ ಮಾಡತಾನ" ಎಂಬ ಒಂದೇ ಮಾತಿನ ಮೇಲೆ ಮುಹೂರ್ತ ಇಟ್ಟು, ಆಮೇಲೆ ಎರಡು ವರ್ಷ ಬೇರೆ ಬೇರೆ ಇದ್ದ ಜೋಡಿಗಳನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದೇನೆ.

ಫಿಯಾನ್ಸೆ ವೀಸಾದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ 2013ರಲ್ಲಿ ನಾನು ಬಂದದ್ದು ಅದರ ಮೇಲೆ. ಅಜ್ಜ ತೀರಿಕೊಂಡಿದ್ದರು. ವರ್ಷದೊಳಗೆ ಮನೆಯಲ್ಲಿ ಒಂದು ಲಗ್ನ ಆಗಬೇಕು, ಇಲ್ಲವಾದರೆ ಮೂರು ವರ್ಷ ತಡೆಯಬೇಕು ಎಂದು ಹಿರಿಯರು ಪಟ್ಟು ಹಿಡಿದರು. ಇಂಗ್ಲೆಂಡಿನಲ್ಲಿದ್ದ ಮದುಮಗನಿಗೋ ರಜೆ ಇಲ್ಲ. ಆಗ ಒಬ್ಬ ಏಜೆಂಟ್ ಈ ವೀಸಾ ತೋರಿಸಿಕೊಟ್ಟ. "ಅಲ್ಲಿಗೆ ಹೋಗಿ ಒಂದು ತಿಂಗಳಿಗೇ ಕೆಲಸಕ್ಕೆ ಸೇರಬಹುದು" ಅಂದ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನೌಕರಿಗೆ ರಾಜೀನಾಮೆ ಬರೆದುಕೊಟ್ಟು ವಿಮಾನ ಹತ್ತಿದೆ. ಇಳಿದ ಮೇಲೆ ಪಾಸ್‌ಪೋರ್ಟಿನ ಸ್ಟಿಕ್ಕರನ್ನು ನಿಧಾನವಾಗಿ ಓದಿದಾಗ ಕಂಡದ್ದು ಒಂದೇ ಸಾಲು: ಕೆಲಸ ಮಾಡುವಂತಿಲ್ಲ. ಆರು ತಿಂಗಳ ಒಳಗೆ ಲಗ್ನವಾಗಬೇಕು, ಆಮೇಲೆ ಇಲ್ಲಿಂದಲೇ ಮತ್ತೊಂದು ಅರ್ಜಿ, ಮತ್ತೊಂದು ಫೀ. ಆ ಅರ್ಜಿಯ ತೀರ್ಪು ಬರುವವರೆಗೂ ಕೆಲಸದ ನಿರ್ಬಂಧ ಮುಂದುವರಿಯುತ್ತದೆ. ನನಗೆ ಒಟ್ಟು ಎಂಟು ತಿಂಗಳು ಹಿಡಿಯಿತು. ನವೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ನನ್ನದೆಂಬ ಒಂದು ಪೌಂಡೂ ಕೈಯಲ್ಲಿಲ್ಲದೆ, ಕಿಟಕಿ ಹತ್ತಿರ ಕೂತು ಹಳೆಯ ವಿದ್ಯಾರ್ಥಿಗಳ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡುತ್ತಿದ್ದೆ. ಆ ಎಂಟು ತಿಂಗಳು ಯಾವ ಹುಡುಗಿಗೂ ಬೇಡ ಎಂದೇ ಇದನ್ನೆಲ್ಲ ಬರೆಯುತ್ತಿರುವುದು.

ಈಗಲೂ ಆ ವೀಸಾದ ಸ್ವರೂಪ ಅದೇ. ಇಲ್ಲಿ ಲಗ್ನಕ್ಕೆ ರಿಜಿಸ್ಟರ್ ಆಫೀಸಿನಲ್ಲಿ ನೋಟಿಸ್ ಕೊಟ್ಟು 28 ದಿನ ಕಾಯಬೇಕು, ಕೆಲವರಿಗೆ ಅದನ್ನು 70 ದಿನಕ್ಕೆ ಎಳೆಯುವುದೂ ಉಂಟು. ಕಾಯಂ ವಾಸಕ್ಕೆ ಬೇಕಾದ ಐದು ವರ್ಷದ ಎಣಿಕೆಯಲ್ಲಿ ಫಿಯಾನ್ಸೆಯಾಗಿದ್ದ ಕಾಲ ಸೇರುವುದಿಲ್ಲ. ಊರಲ್ಲಿ ಲಗ್ನ ಮಾಡಿಕೊಳ್ಳಲು ಸಾಧ್ಯವೇ ಇಲ್ಲ ಎನ್ನುವವರಿಗೆ ಅದು ಸರಿ. ಉಳಿದವರು ಊರಲ್ಲೇ ಲಗ್ನ ಮಾಡಿಕೊಂಡು, ನೋಂದಣಿ ಮಾಡಿಸಿ, ಸ್ಪೌಸ್ ವೀಸಾದ ಮೇಲೇ ಬನ್ನಿ. ಅದು 33 ತಿಂಗಳಿಗೆ ಸಿಗುತ್ತದೆ, ಬಂದ ದಿನದಿಂದಲೇ ದುಡಿಯಬಹುದು. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷದ್ದು, ಅಂದರೆ 3,105 ಪೌಂಡ್, ಅರ್ಜಿಯ ಜೊತೆಗೇ ಕಟ್ಟಬೇಕು. ವೀಸಾ ಫೀ ಬೇರೆ.

ಇನ್ನು ಆದಾಯದ ಮಾತು. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿಗಳಿಗೆ ಕರೆಸಿಕೊಳ್ಳುವವರ ವಾರ್ಷಿಕ ಆದಾಯ 29,000 ಪೌಂಡ್ ಇರಬೇಕು. ನನ್ನ ಕಾಲಕ್ಕೆ ಅದು 18,600 ಇತ್ತು. ಇಲ್ಲಿ ನಮ್ಮ ಮಂದಿ ಮೂರು ತಪ್ಪು ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ನಿಮಗೆ ಎಷ್ಟೇ ಪಗಾರ ಇರಲಿ, ಮೊದಲ ಅರ್ಜಿಯಲ್ಲಿ ಅದು ಲೆಕ್ಕಕ್ಕಿಲ್ಲ. ನವಲಗುಂದದ ಎರೆಹೊಲ, ಲಾಕರಿನ ಬಂಗಾರ ಕೂಡ ಹಾಗೆಯೇ. ಮಾರಿ ರೊಕ್ಕ ಮಾಡಿ ಖಾತೆಯಲ್ಲಿ ಇಟ್ಟರೆ ಮಾತ್ರ ಅದು ಉಳಿತಾಯ. ಮೂರನೆಯದು, ಮಾವನವರು ಅರ್ಜಿಯ ಹಿಂದಿನ ವಾರ ಖಾತೆಗೆ ದೊಡ್ಡ ಮೊತ್ತ ಹಾಕುವುದು. ಉಳಿತಾಯದ ಹಣ ಆರು ತಿಂಗಳು ಖಾತೆಯಲ್ಲಿ ಇದ್ದಿರಬೇಕು. ಆದಾಯ ಏನೂ ಇಲ್ಲದೆ ಬರೀ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್ ಬೇಕು. ಆದಾಯ ಸ್ವಲ್ಪ ಕಡಿಮೆ ಬಿದ್ದರೆ, ಕೊರತೆಯನ್ನು ಎರಡೂವರೆಯಿಂದ ಗುಣಿಸಿ ಅದಕ್ಕೆ 16,000 ಸೇರಿಸಿದಷ್ಟು ಉಳಿತಾಯ ತೋರಿಸಬೇಕು. ಅವರ ಆರು ತಿಂಗಳ ಪೇಸ್ಲಿಪ್ಪು, ಅದೇ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟು ಪೈಸೆಗೆ ಪೈಸೆ ಕೂಡಬೇಕು. ಅವರು ಹೊಸ ನೌಕರಿಗೆ ಸೇರಿ ಎರಡು ತಿಂಗಳಾಗಿದ್ದರೆ, ಆರು ತಿಂಗಳು ತುಂಬಿದ ಮೇಲೆಯೇ ಅರ್ಜಿ ಹಾಕುವುದು ಸಲೀಸು ಎಂಬುದು ನನ್ನ ಅನುಭವ.

ಸ್ಪೌಸ್ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆ ಎ1, ಅಂದರೆ ಎಲ್ಲಕ್ಕಿಂತ ಕೆಳಗಿನ ಮಟ್ಟದ್ದು. ಓದು-ಬರಹ ಇಲ್ಲ, ಮಾತಾಡುವುದು ಮತ್ತು ಕೇಳುವುದು ಅಷ್ಟೆ. ಆದರೆ ಬ್ರಿಟಿಷ್ ವೀಸಾಕ್ಕೆಂದೇ ಮಾನ್ಯವಾದ ಪರೀಕ್ಷೆ ಆಗಬೇಕು, ಸಾಮಾನ್ಯ ಐಇಎಲ್‌ಟಿಎಸ್ ನಡೆಯುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಬಿ.ಕಾಂ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಮಾಧ್ಯಮ ಪ್ರಮಾಣಪತ್ರ ತೆಗೆಸಿ, ವಿದೇಶದ ಪದವಿಗಳನ್ನು ಪರಿಶೀಲಿಸುವ ಎಕ್ಟಿಸ್ ಸಂಸ್ಥೆಯಿಂದ ದೃಢೀಕರಣ ಪಡೆದರೆ ಪರೀಕ್ಷೆಯೇ ಬೇಕಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರು ಹೆದರಬೇಡಿ. ಹೆಸರು, ಊರು, ಮನೆ, ಸಂತೆಗೆ ಹೋಗಿದ್ದು, ಇಂಥ ಮಾತುಗಳನ್ನು ಒಂದು ತಿಂಗಳು ದಿನಾ ಬಾಯಿಬಿಟ್ಟು ಆಡಿದರೆ ಪಾಸಾಗುತ್ತೀರಿ. ನನ್ನ ನಾದಿನಿ ಹಾಗೇ ಪಾಸಾದವಳು.

ಡಿಪೆಂಡೆಂಟ್ ವೀಸಾದಲ್ಲಿ 29,000ದ ಗೋಜಿಲ್ಲ. ನಿಮ್ಮ ಸಲುವಾಗಿ 285 ಪೌಂಡ್ 28 ದಿನ ಖಾತೆಯಲ್ಲಿ ಇದ್ದರೆ ಅಥವಾ ಅವರ ಕಂಪನಿಯೇ ಜವಾಬ್ದಾರಿ ಹೊತ್ತು ಬರೆದುಕೊಟ್ಟರೆ ಸಾಕು. ನೌಕರಿಗೂ ಅಡ್ಡಿಯಿಲ್ಲ. ಆದರೆ ಅದು ಅವರ ವೀಸಾಕ್ಕೆ ಕಟ್ಟಿದ ದಾರ. ಅವರ ನೌಕರಿ ಹೋದರೆ ಸಾಮಾನ್ಯವಾಗಿ 60 ದಿನದ ಗಡುವು ಇಬ್ಬರಿಗೂ ಬೀಳುತ್ತದೆ. ಕಾಯಂ ವಾಸದ ಎಣಿಕೆಯೂ ನಿಮ್ಮದು ನಿಮಗೆ. ಅವರು ನಾಲ್ಕು ವರ್ಷ ಮೊದಲು ಬಂದಿದ್ದರೆ ಆ ನಾಲ್ಕು ವರ್ಷ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಐಎಲ್‌ಆರ್ ಸಿಗಲು ನಾಲ್ಕೈದು ತಿಂಗಳಷ್ಟೇ ಉಳಿದಿದೆ ಎಂದರೆ, ಕಾದು ಸ್ಪೌಸ್ ವೀಸಾ ಹಾಕುವುದೋ ಈಗಲೇ ಡಿಪೆಂಡೆಂಟ್ ಆಗಿ ಬರುವುದೋ ಎಂದು ಇಬ್ಬರೂ ಕೂತು ಲೆಕ್ಕ ಹಾಕಿರಿ. ಪಗಾರ 29,000 ಮುಟ್ಟದಿದ್ದರೆ ಈಗಲೇ ಬರುವುದು ಮೇಲು.

"ಸದ್ಯ ವಿಸಿಟ್ ವೀಸಾದ ಮೇಲೆ ಹೋಗ್ತೀನಿ, ಅಲ್ಲೇ ಬದಲಿಸಿಕೊಳ್ತೀನಿ" ಎನ್ನುವವರಿಗೆ ಒಂದೇ ಮಾತು: ಬದಲಿಸಲು ಬರುವುದಿಲ್ಲ. ಸುಳ್ಳು ಹೇಳಿ ಬಂದದ್ದು ದಾಖಲೆಯಲ್ಲಿ ಕೂತರೆ ಮುಂದಿನ ಅರ್ಜಿಗೂ ಹತ್ತು ವರ್ಷದವರೆಗೆ ಕುತ್ತು ತರಬಹುದು.

ಈಗ ಊರಲ್ಲಿ ಮಾಡಬೇಕಾದ ಕೆಲಸ. ಅಣ್ಣಿಗೇರಿಯ ಹುಡುಗಿಯ ಫೈಲನ್ನು ಒಂದೊಂದೇ ಹಾಳೆ ತಿರುವಿ ನೋಡಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಇಲ್ಲವೇ ಇಲ್ಲ. ಆಧಾರಿನಲ್ಲಿ ಅಡ್ಡಹೆಸರಿನ ಸ್ಪೆಲಿಂಗಿಗೆ ಒಂದು ಅಕ್ಷರ ಹೆಚ್ಚು. ಲಗ್ನಪತ್ರಿಕೆಯ ಪ್ರೂಫಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಲಗ್ನವಾದ ಮೇಲೆ ನಮ್ಮ ಕಡೆ ಅಪ್ಪನ ಹೆಸರು ಹೋಗಿ ಗಂಡನ ಹೆಸರು ನಡುವೆ ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಇದು ನಮಗೆ ಸಹಜ. ಆದರೆ ಶೆಫೀಲ್ಡಿನಲ್ಲಿ ಕೂತು ಫೈಲು ನೋಡುವ ಅಧಿಕಾರಿಗೆ ಇವರು ನಾಲ್ಕು ಬೇರೆ ಹೆಂಗಸರು. ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರನ್ನೇ ಲಗ್ನಪತ್ರಿಕೆಯಲ್ಲೂ ನೋಂದಣಿಯಲ್ಲೂ ಹಾಕಿಸಿರಿ. ಹೆಸರು ಬದಲಿಸುವುದಿದ್ದರೆ ಇಲ್ಲಿಗೆ ಬಂದು ನೆಲೆಯಾದ ಮೇಲೆ ನೋಡಿಕೊಳ್ಳಬಹುದು. ಪ್ರೂಫು ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ, ಅಲ್ಲೇ ತಿದ್ದಿಸಿದೆವು. ಜನ್ಮಸ್ಥಳ ಹುಬ್ಬಳ್ಳಿ ಇದ್ದವರು ಇನ್ನೊಂದನ್ನು ಗಮನಿಸಿರಿ: 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು. ಹಳೆಯ ಕಾಗದ ಒಂದು ಥರ, ಹೊಸದು ಇನ್ನೊಂದು ಥರ ಇದ್ದರೆ ಕವರಿಂಗ್ ಲೆಟರಿನಲ್ಲಿ ಎರಡು ಸಾಲು ಬರೆದು ತಿಳಿಸಿರಿ.

ಮಠದ ಪತ್ರ, ಕಲ್ಯಾಣ ಮಂಟಪದ ರಸೀತಿ ಲಗ್ನದ ದಾಖಲೆ ಅಲ್ಲ, ಉಪನೋಂದಣಿ ಕಚೇರಿಯ ಪ್ರಮಾಣಪತ್ರ ಬೇಕು. ಮದುಮಗನಿಗೆ ಮೂರು ವಾರದ ರಜೆ ಇರುತ್ತದೆ. ಅದರಲ್ಲಿ ಬೀಗರ ಊಟ, ದೇವರಿಗೆ ಹೋಗುವುದು ಎಲ್ಲ ಮುಗಿಸಿ ಕೊನೆಯ ಶುಕ್ರವಾರ ನೋಂದಣಿಗೆ ಓಡುವ ಬದಲು, ಅಕ್ಕಿಕಾಳು ಬಿದ್ದ ಮೊದಲ ವಾರದಲ್ಲೇ ಮಾಡಿಸಿರಿ. ವಿಶೇಷ ವಿವಾಹ ಕಾಯ್ದೆಯಡಿ ಲಗ್ನವಾಗುವವರು 30 ದಿನದ ನೋಟಿಸನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ, ಅದರ ಕೆಳಗೆ ಅನುವಾದಕರ ಹೆಸರು, ಸಹಿ, ತಾರೀಖು, ವಿಳಾಸ ಇರಲಿ. ನೀವಿಬ್ಬರೂ ಮುಖಾಮುಖಿ ಭೇಟಿಯಾಗಿದ್ದೀರಿ ಎಂಬುದಕ್ಕೆ ಟಿಕೆಟ್ಟು, ಫೋಟೊ, ಮೆಸೇಜು ಕೂಡಿಡಿ. ಫೋಟೊ ಇನ್ನೂರು ಬೇಡ, ಹದಿನೈದು ಸಾಕು, ಹಿಂದೆ ತಾರೀಖು ಬರೆದಿರಲಿ.

ಕ್ಷಯರೋಗದ ತಪಾಸಣೆ ಬ್ರಿಟಿಷ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು, ಅದರ ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ಅದನ್ನೂ ಬೆರಳಚ್ಚನ್ನೂ ಬೆಂಗಳೂರಿನಲ್ಲೇ ಮುಗಿಸಬಹುದು. ರಾತ್ರಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ನಿಯಮ ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಫೀ ಕಟ್ಟುವ ದಿನ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಒಮ್ಮೆ ಕಣ್ಣಾಡಿಸಿರಿ. ಸಲಹೆಗೆ ರೊಕ್ಕ ಕೊಡುವುದಾದರೆ ಇಂಗ್ಲೆಂಡಿನ ಸಾಲಿಸಿಟರಿಗೆ, ಅಂದರೆ ವಕೀಲರಿಗೆ, ಅಥವಾ ವೀಸಾ ಸಲಹೆಗಾರರ ಮೇಲೆ ನಿಗಾ ಇಡುವ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದವರಿಗೆ ಕೊಡಿ.

ಕೊನೆಗೆ ಆ ತಾಯಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಬಂದ ಮೇಲೆ ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ಈಗ ವೀಸಾದ ಕಾರ್ಡು ಇಲ್ಲ, ಆನ್‌ಲೈನಿನಲ್ಲಿ ಇರುವ ಇ-ವೀಸಾ. ಅದರ ಲಾಗಿನ್ನು ನಿಮ್ಮದೇ ಫೋನು, ನಿಮ್ಮದೇ ಇಮೇಲಿಗೆ ಇರಲಿ. ಮನೆಯಲ್ಲಿ ಹಿಂಸೆ ಶುರುವಾದರೆ "ವೀಸಾ ರದ್ದು ಮಾಡಿಸ್ತೀನಿ" ಎಂಬ ಬೆದರಿಕೆಗೆ ಬಾಯಿ ಮುಚ್ಚಿ ಕೂರಬೇಡಿ. ಸ್ಪೌಸ್ ವೀಸಾದವರು ಹಿಂಸೆಯಿಂದ ಸಂಸಾರ ಮುರಿದರೆ ಸ್ವಂತವಾಗಿ ಕಾಯಂ ವಾಸ ಕೇಳಬಹುದು. ಡಿಪೆಂಡೆಂಟ್ ವೀಸಾದವರಿಗೆ ಆ ಹಕ್ಕಿಲ್ಲ, ಆದರೆ ಮೂರು ತಿಂಗಳು ಉಳಿಯುವ ಅನುಮತಿ, ಸರ್ಕಾರಿ ನೆರವು ಸಿಗುತ್ತದೆ. ವೀಸಾ ಆರಿಸುವಾಗ ಈ ವ್ಯತ್ಯಾಸವೂ ಗೊತ್ತಿರಲಿ. ಸಹಾಯವಾಣಿ 0808 2000 247, ಹಗಲು ರಾತ್ರಿ ಪುಕ್ಕಟೆ. ಲಗ್ನದ ಮನೆಯವರ ಮುಂದೆ ಇಂಥ ಮಾತು ಎತ್ತಲು ನಾಲಿಗೆ ತಡೆಯಿತು. ಆ ತಾಯಿ ಬೇಸರ ಮಾಡಿಕೊಳ್ಳಲಿಲ್ಲ. ಪೆನ್ನು ಇಸಿದುಕೊಂಡು ನಂಬರನ್ನು ಫೈಲಿನ ಒಳರಟ್ಟಿನ ಮೇಲೆ ದೊಡ್ಡದಾಗಿ ಬರೆದರು, ಆಮೇಲೆ ಮಗಳ ಫೋನಿನಲ್ಲೂ ಹಾಕಿಸಿದರು.