ಯಾರಸುಕಸ್ ಹಕ್ಕಿ ಕಡೆಗೇ ಬಂತು: ನನ್ನ ಅನುಭವ

ಯಾರಸುಕಸ್ ಅಂದರೆ ಭಾರತದಲ್ಲಿ ಸಿಕ್ಕ ಒಂದು ಪಳೆಯುಳಿಕೆ ಸರೀಸೃಪ. ಮೊಸಳೆ ವಂಶ, ಹಕ್ಕಿ ವಂಶ ಎರಡೂ ಒಂದೇ ಬುಡದ ಎರಡು ಕವಲು; 2005ರಲ್ಲಿ ಹೆಸರಿಟ್ಟಾಗ ಇದು ರಾಯಿಸುಕಿಯನ್, ಅಂದರೆ ಮೊಸಳೆ ಕಡೆಯದು. ಟೆಲಿಯೋಕ್ರೇಟರ್ ಅನ್ನೋ ಇನ್ನೊಂದು ಪಳೆಯುಳಿಕೆ ಸರೀಸೃಪದ ಬಗೆಗಿನ 2017ರ ಪ್ರಬಂಧ ಅದನ್ನು ಅಫನೋಸಾರ್ ಅನ್ನೋ ಗುಂಪಿಗೆ ಸೇರಿಸಿ ಹಕ್ಕಿ ಕಡೆಗೆ ತಂದಿತು. ಅದರ ಮೂಳೆಗಳಿಗೆ ಅಚ್ಚಾದ ಸ್ಕೋರ್ (ಪ್ರತಿ ಲಕ್ಷಣಕ್ಕೂ ಕೊಟ್ಟ ಅಂಕೆ) ನೋಡದೆ ನಾನೇ ಸ್ಕೋರ್ ಮಾಡಿದರೂ ಅದೇ ಜಾಗಕ್ಕೆ ಬರುತ್ತಾ? ಬರಲ್ಲ, ಇಷ್ಟು ಕಡಿಮೆ ಮೂಳೆಗೆ ಮರ (ವಂಶವೃಕ್ಷ) ನಿಲ್ಲಲ್ಲ ಅಂದರು ಜೊತೆಯವರು.

ಪಳೆಯುಳಿಕೆ ತಜ್ಞ ನೆಸ್ಬಿಟ್ ಅವರ 2011ರ ಮ್ಯಾಟ್ರಿಕ್ಸ್ ತೆಗೆದುಕೊಂಡೆ, ಅಂದರೆ ಪ್ರಾಣಿಗೊಂದು ಸಾಲು, ಲಕ್ಷಣಕ್ಕೊಂದು ಕಾಲಂ ಇರುವ ಪಟ್ಟಿ; 412 ಕ್ಯಾರೆಕ್ಟರ್ (ಲಕ್ಷಣ). ಟೆಲಿಯೋಕ್ರೇಟರ್ ಸಾಲನ್ನು ಮಾತ್ರ ಪ್ರಬಂಧದಿಂದ ಹಾಗೇ ಸೇರಿಸಿದೆ.

ಮೊದಲ ಸಲ ಮಾಡಿದ್ದು ದೊಡ್ಡ ತಪ್ಪು. ಮೂಳೆ ಇಲ್ಲದ ಕಡೆ ಟೆಲಿಯೋಕ್ರೇಟರ್ ನೋಡಿ ಊಹೆಯಿಂದ ತುಂಬಿದೆ. ಮರ ಚೆಂದ ಬಂತು. ಬರದೆ ಇರುತ್ತಾ, ಉತ್ತರವನ್ನೇ ಒಳಗೆ ಹಾಕಿದ್ದೆನಲ್ಲ! ಮೂರು ತಿಂಗಳ ಕೆಲಸ ಅಳಿಸಿದೆ. ಎರಡನೇ ಸಲ ಎಲ್ಲಾ ಕ್ಯಾರೆಕ್ಟರ್ ಅನ್‌ಆರ್ಡರ್ಡ್ ಇಟ್ಟೆ, ಅಂದರೆ ಅಂಕೆಗಳಿಗೆ ಕ್ರಮವಿಲ್ಲದೆ, ಯಾವುದರಿಂದ ಯಾವುದಕ್ಕೆ ಬದಲಾದರೂ ಒಂದೇ ಹೆಜ್ಜೆ. ಮರ ಹುಡುಕುವ ಸಾಫ್ಟ್‌ವೇರ್ ಟಿಎನ್‌ಟಿ ಸಾವಿರಗಟ್ಟಲೆ ಮರ ಕೊಟ್ಟಿತು, ಅವೆಲ್ಲ ಒಪ್ಪುವಷ್ಟನ್ನೇ ತೋರಿಸುವ ಕನ್ಸೆನ್ಸಸ್ ಮರ ಬಾಚಣಿಗೆ ತರ ಬಂತು, ಯಾರು ಯಾರಿಗೆ ಹತ್ತಿರ ಅಂತ ಗೊತ್ತಾಗಲಿಲ್ಲ.

ಟಿಎನ್‌ಟಿ ಉಚಿತ. ದುಡ್ಡು ಹೋಗಿದ್ದು ಓಡಾಟಕ್ಕೆ. ಮೂಳೆಗಳಿರುವ ಕೋಲ್ಕತ್ತಾಗೆ ಎರಡು ಸಲ, ರೂಮು, ಬಾಡಿಗೆ ಮ್ಯಾಕ್ರೋ ಲೆನ್ಸ್ ಸೇರಿ ಸುಮಾರು 45 ಸಾವಿರ. ಎಲ್ಲಾ ನನ್ನ ಕೈಯಿಂದ.

ಮೂರನೇ ಸಲ ಪ್ರಾಣಿಗೊಂದು ಸಾಲು ಅನ್ನೋದನ್ನು ಬಿಟ್ಟು, ಮೂಳೆಗೊಂದು ಹಾಳೆ ಮಾಡಿದೆ. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಸ್ಕೋರ್, ಉಳಿದದ್ದಕ್ಕೆ ಪ್ರಶ್ನೆ ಚಿಹ್ನೆ. ಹೆಚ್ಚಿನ ಹೊತ್ತು ಹೋಗಿದ್ದು ಉದ್ದ ಕತ್ತಿನ ಮಣಿಗಳ ಮೇಲೆ. ಎಪಿಪೊಫೈಸಿಸ್ (ಕತ್ತಿನ ಮಣಿಯ ಹಿಂಬದಿ ಕೀಲಿನ ಮೇಲಿನ ಉಬ್ಬು) ಇದೆಯಾ, ಕಲ್ಲಿನ ತುಣುಕು ಅಂಟಿದೆಯಾ ಅಂತ ಗೊತ್ತಾಗದೆ ಮನೆಯಲ್ಲಿ ಕೋಳಿ ಕತ್ತು ಬೇಯಿಸಿ ಬಿಡಿಸಿದೆ. ಅದರಲ್ಲಿ ಆ ಉಬ್ಬು ಸ್ಪಷ್ಟ. ಮುಟ್ಟಿ ನೋಡಿದ ಮೇಲೆ ಫೋಟೋದಲ್ಲೂ ಕಣ್ಣಿಗೆ ಸಿಗತೊಡಗಿತು. ಯಾವ ಕ್ಯಾರೆಕ್ಟರ್‌ಗಳನ್ನು ಆರ್ಡರ್ಡ್ ಮಾಡಿದೆ, ಕತ್ತಿನ ಒಂದನ್ನು ಎರಡಾಗಿ ಹೇಗೆ ಒಡೆದೆ ಅನ್ನೋದು ಈಗ ಹೇಳಲ್ಲ. ಅದನ್ನು ಇನ್ನೂ ಬರೆಯುತ್ತಿದ್ದೇನೆ.

ಈ ಸಲ ಯಾರಸುಕಸ್ ಟೆಲಿಯೋಕ್ರೇಟರ್ ಪಕ್ಕದಲ್ಲೇ ಕೂತಿತು, ಹಕ್ಕಿ ಕಡೆ. ಟೆಲಿಯೋಕ್ರೇಟರ್‌ದು ಮೊಸಳೆ ತರದ ಕಣಕಾಲು, ಆದರೂ ಅಲ್ಲಿಂದ ಕದಲಲಿಲ್ಲ. ಬ್ರೆಮರ್ (ಆ ಗುಂಪು ಒಡೆಯಲು ಮರಕ್ಕೆ ಎಷ್ಟು ಹೆಜ್ಜೆ ಹೆಚ್ಚು ಬೇಕು ಅನ್ನೋ ಅಳತೆ) ಜಾಸ್ತಿ ಇಲ್ಲ, ಎರಡೋ ಮೂರೋ. ನನಗೆ ಅಷ್ಟು ಸಾಕು. ಅನುಮಾನಪಟ್ಟವರಲ್ಲಿ ಇಬ್ಬರು ಫೈಲ್ ಕೇಳಿದರು, ಕೊಟ್ಟೆ.

ಸುಮ್ನೆ ಇನ್ನೊಂದು ನೋಡಿದೆ. ನೆಸ್ಬಿಟ್ 2011ರಲ್ಲಿ ಫೈಟೋಸಾರ್‌ಗಳನ್ನು (ಮೊಸಳೆಯಂತೆ ಕಾಣುವ ಹಳೆಯ ಸರೀಸೃಪಗಳು) ಆರ್ಕೋಸಾರಿಯಾ, ಅಂದರೆ ಮೊಸಳೆ ಮತ್ತು ಹಕ್ಕಿ ಕವಲು ಸೇರಿದ ಗುಂಪಿನ ಹೊರಗೆ ಇಟ್ಟರು, ಇನ್ನೊಬ್ಬ ತಜ್ಞ ಎಜ್ಕುರ್ರಾ 2016ರಲ್ಲಿ ಮೊಸಳೆ ಕಡೆ ತಂದರು. ನನ್ನ ಮ್ಯಾಟ್ರಿಕ್ಸ್‌ನಲ್ಲಿ ಒತ್ತಾಯದಿಂದ ಒಳಗೆ ಹಾಕಿದಾಗ ಕೆಲವೇ ಹೆಜ್ಜೆ ಜಾಸ್ತಿಯಾಯಿತು. ಅಂದರೆ ಆ ಸಾಧ್ಯತೆಯನ್ನು ತಳ್ಳಿಹಾಕಲಾಗಲ್ಲ. ಹಾಗಾಗಿ ಮುಂದಿನ ಕೋಲ್ಕತ್ತಾ ಟಿಕೆಟ್ ಮಲೇರಿ ಅನ್ನೋ ಕಲ್ಲಿನ ಪದರದಲ್ಲಿ ಸಿಕ್ಕ ಫೈಟೋಸಾರ್ ಪ್ಯಾರಾಸುಕಸ್‌ಗೆ.