ಉಪ್ಪು ತಿಂದ ಬ್ರೇಕ್

ಐದು ಚಳಿಗಾಲ ಕಳೆದರೂ ನನ್ನ ಕಾರಿನ ಹಿಂಬದಿ ಚಕ್ರಗಳ ಬ್ರೇಕ್ ಪ್ಯಾಡುಗಳು, ಅಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆಗಳು, ಅವೇ ಇವೆ. ಮೊನ್ನೆ ಅಳೆದಾಗ 5 ಮಿಲಿಮೀಟರ್‌ಗಿಂತ ಹೆಚ್ಚೇ ದಪ್ಪವಿದ್ದವು. ‘ಸರಿಯಾಗಿರುವ ಬ್ರೇಕನ್ನು ವರ್ಷವರ್ಷ ಬಿಚ್ಚುವ ಹುಚ್ಚ’ ಎಂದು ನಕ್ಕಿದ್ದ ಗೆಳೆಯರು ಇದನ್ನು ಓದಲಿ.

ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದಲ್ಲಿ. ಆ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಹಿಮ ಕರಗಿಸಲು ಅದನ್ನು ರಸ್ತೆಗೆ ಸುರಿಯುವುದರಲ್ಲಿ ಯಾರಿಗೂ ಜಿಪುಣತನವಿಲ್ಲ. ಚಳಿ ಇನ್ನೂ ಹೆಚ್ಚಿದಾಗ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಇನ್ನೊಂದು ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಉಪ್ಪು ತಿಂದ ಬ್ರೇಕ್ ನೀರು ಕುಡಿಯಲೇಬೇಕು.

ಮೊದಲ ಸಲ 30 ಸಾವಿರ ಮೈಲಿಗೇ ಡಿಸ್ಕಿನ ಒಳಬದಿಯ ಪ್ಯಾಡ್ ಪೂರ್ತಿ ಸವೆದು ಬೆನ್ನಿನ ಕಬ್ಬಿಣ ಮುಟ್ಟಿತ್ತು. ಹೊರಗಿನದು ಅರ್ಧವೂ ಸವೆದಿರಲಿಲ್ಲ. ವರ್ಕ್‌ಶಾಪಿನಲ್ಲಿ ಪ್ಯಾಡು, ಡಿಸ್ಕು ಎಲ್ಲ ಬದಲಿಸಿ ಸುಮಾರು 480 ಡಾಲರ್ ತೆಗೆದುಕೊಂಡರು. ಎರಡು ಚಳಿಗಾಲ ಕಳೆಯುವುದರೊಳಗೆ ಮತ್ತೆ ಅದೇ ಕಥೆ, ಮತ್ತೆ ಅಷ್ಟೇ ದುಡ್ಡು. ಮೂರನೆಯ ಸಲ ನಾನೇ ಬಿಚ್ಚಿದೆ. ಪ್ಯಾಡುಗಳು ಕೂರುವ ಚೌಕಟ್ಟಾದ ಬ್ರಾಕೆಟ್ಟಿನಲ್ಲಿ, ತೆಳು ಲೋಹದ ಕ್ಲಿಪ್ಪಿನಡಿ ತುಕ್ಕು ಹಪ್ಪಳದಂತೆ ಉಬ್ಬಿ ಪ್ಯಾಡಿನ ಕಿವಿಯನ್ನು, ಅಂದರೆ ಅಂಚಿನ ಚಾಚನ್ನು, ಕಚ್ಚಿ ಹಿಡಿದಿತ್ತು; ಪ್ಯಾಡ್ ಡಿಸ್ಕಿನಿಂದ ಹಿಂದೆ ಸರಿಯಲಾಗದೆ ಉಜ್ಜುತ್ತಲೇ ಇತ್ತು. ಸುತ್ತಿಗೆಯಿಂದ ಹೊಡೆದರೇ ಹೊರಬಂದದ್ದು. ಹೊಸ ಪ್ಯಾಡ್ ಹಾಕಿದವರು ಆ ತುಕ್ಕನ್ನು ಮುಟ್ಟಿಯೇ ಇರಲಿಲ್ಲ.

ಈಗ ನವೆಂಬರಿನಲ್ಲಿ ಹಿಮದ ಟೈರ್ ಹಾಕಲು ಹೇಗೂ ಚಕ್ರ ಬಿಚ್ಚುತ್ತೇನಲ್ಲ, ಆಗಲೇ ಕ್ಲಿಪ್ ಕಿತ್ತು, ಬ್ರಾಕೆಟ್ಟನ್ನು ಹೊಳೆಯುವವರೆಗೆ ಅರದಿಂದ ಉಜ್ಜಿ, ಹೊಸ ಕ್ಲಿಪ್ ಕೂರಿಸಿ, ಬ್ರೇಕಿನ ಹಿಡಿ ಹಿಂದೆಮುಂದೆ ಜಾರಲು ಇರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಚಕ್ರಕ್ಕೆ ಅರ್ಧ ಗಂಟೆ, ಎಲ್ಲ ಸೇರಿ 25 ಡಾಲರ್.

ಮೊದಲ ವರ್ಷ ಜಾಣತನ ತೋರಿಸಲು ಹೋಗಿ ಮನೆಯಲ್ಲಿದ್ದ ಬೇರಿಂಗ್ ಗ್ರೀಸನ್ನೇ ಬಳಿದಿದ್ದೆ. ಜನವರಿಯ ಹೊತ್ತಿಗೆ ಪಿನ್ನಿನ ರಬ್ಬರ್ ಊದಿಕೊಂಡು ಪಿನ್ ಅಲ್ಲಾಡಲೇ ಇಲ್ಲ. ಗುಜರಿಯಿಂದ ಬ್ರಾಕೆಟ್ ತರಲು 40 ಡಾಲರ್ ದಂಡ. ಸಿಟ್ಟಿಗೆ ಮೂರು ಡಬ್ಬಿ ಮುಚ್ಚಳಗಳಲ್ಲಿ ಎರಡು ಬಗೆಯ ಗ್ರೀಸನ್ನೂ ನನ್ನಾಕೆಯ ಕೊಬ್ಬರಿ ಎಣ್ಣೆಯನ್ನೂ ಹಾಕಿ, ಮೈನಸ್ 20 ಡಿಗ್ರಿಯ ರಾತ್ರಿ ಹೊರಗಿಟ್ಟೆ. ಬೆಳಿಗ್ಗೆ ಸೂಜಿ ಚುಚ್ಚಿ ನೋಡಿದರೆ ಎಣ್ಣೆ ಕಲ್ಲು, ಬೇರಿಂಗ್ ಗ್ರೀಸ್ ಮೇಣ, ಸಿಲಿಕೋನ್ ಮಾತ್ರ ಬೆಣ್ಣೆ. ಎಣ್ಣೆಯ ಲೆಕ್ಕವನ್ನು ಮನೆಯಲ್ಲಿ ಇನ್ನೂ ಕೊಟ್ಟಿಲ್ಲ.

ಪಿನ್ ಹಿಡಿದಿದೆಯೇ ಎಂದು ತಿಳಿಯಲು ಪ್ರತಿಸಲ ಬಿಚ್ಚಬೇಕಿಲ್ಲ. ಹತ್ತು ಮೈಲಿ ಓಡಿಸಿ ಬಂದು ಡಿಸ್ಕುಗಳಿಗೆ ತಾಪ ಅಳೆಯುವ ಗನ್ ಹಿಡಿಯಿರಿ. ಒಮ್ಮೆ ಎಡಕ್ಕೆ 45, ಬಲಕ್ಕೆ 110 ಡಿಗ್ರಿ ತೋರಿಸಿತು. ಬಲದ ಪಿನ್ ಜಡವಾಗಿ, ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜಿ ಬಿಸಿ ಮಾಡಿತ್ತು. ಅಂಥ ಪಿನ್ನನ್ನು ಮುರಿಯದೆ ಬಿಡಿಸುವ ಉಪಾಯವೊಂದು ನನ್ನಲ್ಲಿದೆ. ಅದು ಬೇಕಾದವರು ಕಾಫಿ ಕುಡಿಸಬೇಕು.

ಹ್ಯಾಂಡ್‌ಬ್ರೇಕಿನ ಪಾಠ ಬೇರೆ. ಮೈನಸ್ 15ರಲ್ಲಿ ಕಾರು ತೊಳೆಸಿ, ಹ್ಯಾಂಡ್‌ಬ್ರೇಕ್ ಎಳೆದು ಮಲಗಿದೆ. ಬೆಳಿಗ್ಗೆ ಹಿಂದಿನ ಚಕ್ರ ತಿರುಗದೆ ಮಂಜುಗಡ್ಡೆಯ ಮೇಲೆ ಜಾರಿಕೊಂಡು ಬಂತು. ಬಿಸಿನೀರು ಸುರಿದು ಬಿಡಿಸಿದೆ. ಸಂಜೆಗೆ ಆ ನೀರೇ ಹೆಪ್ಪುಗಟ್ಟಿ ಮತ್ತೆ ಹಿಡಿಯಿತು. ಈಗ ಸಮತಟ್ಟಾದ ಜಾಗದಲ್ಲಿ ಮಾರ್ಚ್ ಮುಗಿಯುವವರೆಗೂ ಅದನ್ನು ಎಳೆಯುವುದಿಲ್ಲ.

ಈ ವರ್ಷ ಕಣ್ಣು ಬ್ರೇಕ್ ದ್ರವವನ್ನು ಚಕ್ರಗಳಿಗೆ ಒಯ್ಯುವ ಪೈಪಿನ ಮೇಲಿದೆ. ತುಕ್ಕು ಹಿಡಿದ ಉಕ್ಕಿನದನ್ನು ಕಿತ್ತು ತಾಮ್ರ-ನಿಕಲ್ ಪೈಪ್ ಹಾಕಬೇಕೆಂದು 25 ಅಡಿಯ ಸುರುಳಿ ತಂದಿಟ್ಟಿದ್ದೇನೆ. ಜೋಡಣೆಗಾಗಿ ಪೈಪಿನ ತುದಿ ಅರಳಿಸುವ ಅಭ್ಯಾಸದಲ್ಲೇ ಎರಡು ಅಡಿ ಹಾಳಾಗಿದೆ.